ಎರಡನೇ ಸೀಟಿನ ತೂಕ

ಆಫೀಸಿಗೆ ಸೇರಿದ ಮೊದಲ ವರ್ಷವೆಲ್ಲ ವಾರಿಜಕ್ಕನ ಗಂಡ ಬದುಕಿದ್ದಾರೆಂದೇ ನಾನು ತಿಳಿದಿದ್ದೆ. ತಪ್ಪು ನನ್ನದಲ್ಲ. 'ಇವರಿಗೆ ಚಹಾಕ್ಕೆ ಸಕ್ಕರೆ ಜಾಸ್ತಿ ಬೇಕು', 'ಇವರಿಗೆ ಫ್ಯಾನ್ ಇಲ್ಲದಿದ್ರೆ ನಿದ್ದೆ ಇಲ್ಲ' ಎಂದು ದಿನಕ್ಕೆ ನಾಲ್ಕು ಸಲ ಹೇಳುವ ಹೆಂಗಸನ್ನು ಯಾರು ತಾನೇ ವಿಧವೆ ಎಂದುಕೊಂಡಾರು? ಒಂದು ದಿನ ಕಲ್ಯಾಣದ ನನ್ನ ಮನೆಗೆ ಊಟಕ್ಕೆ ಕರೆದು, "ಯಜಮಾನ್ರನ್ನೂ ಕರ್ಕೊಂಡು ಬರ್ರಿ ಅಕ್ಕಾ" ಎಂದೆ. ನಮ್ಮ ಹಿರಿಯ ವಕೀಲೆ ಪ್ರಫುಲ್ಲಾ ಮೇಡಂ ನನ್ನನ್ನು ಪಕ್ಕಕ್ಕೆಳೆದು ಹೇಳಿದರು: ವಾರಿಜಕ್ಕನ ಗಂಡ ಕುಶಲ 2003ರಲ್ಲೇ ದಿವಾ ಸ್ಟೇಷನ್ ಬಳಿ ಲೋಕಲ್ ರೈಲಿನಿಂದ ಬಿದ್ದು ತೀರಿಕೊಂಡರು. ನನಗೆ ಸಿಟ್ಟು ಬಂತು. ಇದ್ದದ್ದನ್ನು ಇದೆ, ಇಲ್ಲದ್ದನ್ನು ಇಲ್ಲ ಎನ್ನಬೇಕು ಎನ್ನುವ ಸ್ವಭಾವ ನನ್ನದು.

ವಾರಿಜಕ್ಕನ ಸ್ವಭಾವವೂ ಅದೇ ಎನ್ನುವುದು ವಿಚಿತ್ರ. ಕಾಪು ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದು, ಟೈಪಿಂಗ್ ಕಲಿತು, ಇಪ್ಪತ್ತು ವರ್ಷದಿಂದ ಠಾಣೆ ಊರಿನ ಈ ವಕೀಲರ ಆಫೀಸಿನಲ್ಲಿದ್ದರು. ಖಾಸಗಿ ವಿಮಾನ ಹಾರಿಸುವವರ ಒಂದು ಸಂಘಕ್ಕೆ ನಾವು ಕಾನೂನಿನ ನೆರವು ಕೊಡುತ್ತಿದ್ದೆವು. ಹವ್ಯಾಸಕ್ಕೆ ಹಾರುವ ಜನ ಅವರು: ಹೋಟೆಲಿನವರು, ಡಾಕ್ಟರು, ಬಿಲ್ಡರು. ಒಬ್ಬ ನಿಷೇಧಿತ ಜಾಗದ ಮೇಲೆ ಹಾರಿಬಿಡುತ್ತಾನೆ, ಇನ್ನೊಬ್ಬ ವೈದ್ಯಕೀಯ ಪರೀಕ್ಷೆಯ ತಾರೀಕು ಮರೆಯುತ್ತಾನೆ, ಮತ್ತೊಬ್ಬ ಚಕ್ರ ಮುರಿಯುತ್ತಾನೆ. ಎಲ್ಲರ ಜೇಬಿನಲ್ಲೂ ನಮ್ಮದೊಂದು ಕಾರ್ಡು. ಏನೇ ಆಗಲಿ, ಮೊದಲು ಈ ನಂಬರಿಗೆ ಫೋನ್ ಮಾಡಿ, ಅಲ್ಲಿಯವರೆಗೆ ಯಾರ ಬಳಿಯೂ ಬಾಯಿ ಬಿಡಬೇಡಿ ಎಂದು ಅದರಲ್ಲಿ ಅಚ್ಚಾಗಿತ್ತು.

ಆ ನಂಬರಿನ ಮೊಬೈಲು ಸದಾ ವಾರಿಜಕ್ಕನ ಚೀಲದಲ್ಲಿರುತ್ತಿತ್ತು. ಗಾಬರಿಯಲ್ಲಿದ್ದ ಪೈಲಟ್ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು, ಓದಿ ಹೇಳಿ, ಸಮಯ ಹಾಕುತ್ತಿದ್ದರು. ಒಂದು ಪದ ತಿದ್ದುತ್ತಿರಲಿಲ್ಲ. "ನಂಬಿಕೆ ಇಲ್ಲದ ಮಾತು ನನ್ನ ಕೈಯಿಂದ ಟೈಪ್ ಆಗ್ಲಿಕ್ಕಿಲ್ಲ ಅಂಬಾರಾಯರೆ" ಎಂದು ನನಗೇ ಎಷ್ಟೋ ಅರ್ಜಿಗಳನ್ನು ವಾಪಸ್ ಕೊಟ್ಟಿದ್ದಾರೆ. ವಕೀಲರ ಆಫೀಸಿನಲ್ಲಿ ಇಂಥವರನ್ನು ಇಟ್ಟುಕೊಂಡು ಏಗುವುದು ಎಷ್ಟು ಕಷ್ಟ ಎಂದು ಏಗಿದವರಿಗೇ ಗೊತ್ತು.

2011ರ ದೀಪಾವಳಿ. ತುಳುವರು ಅದನ್ನು ಪರ್ಬ ಎನ್ನುತ್ತಾರೆ. ಆ ದಿನ ಮನೆಯಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸಿ, ಪಕ್ಕದಲ್ಲಿ ಚೊಂಬು ನೀರಿಟ್ಟು, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಉಣ್ಣುವಾಗ ಯಾರೂ ನೋಡಬಾರದು. ವಾರಿಜಕ್ಕ ಪ್ರತಿ ವರ್ಷ ಹೀಗೆ ಒಬ್ಬರೇ ಮನೆ ಮುಂದಿನ ಗ್ಯಾಲರಿಯಲ್ಲಿ ನಿಂತು, ಆಮೇಲೆ ಒಳಗೆ ಹೋಗಿ ಮೊದಲು ಚೊಂಬು ನೋಡುತ್ತಿದ್ದರಂತೆ. ಪ್ರತಿ ವರ್ಷ ಎರಡು ಬೆರಳಿನಷ್ಟು ನೀರು ಕಡಿಮೆಯಾಗಿರುತ್ತಿತ್ತಂತೆ. ಸೆಕೆಗೆ ನೀರು ಆರುತ್ತದೆ ಎಂದೆ ನಾನು. ಅರ್ಧ ಗಂಟೆಯಲ್ಲಿ ಎರಡು ಬೆರಳು ಆರುತ್ತದೆಯೇ ಎಂದು ಅವರು ಕೇಳಲಿಲ್ಲ, ನಾನೂ ಲೆಕ್ಕ ಹಾಕಲು ಹೋಗಲಿಲ್ಲ.

ಆ ಸಂಜೆ ಅವರು ಬಾಗಿಲೆಳೆದುಕೊಂಡು ಗ್ಯಾಲರಿಯಲ್ಲಿ ನಿಂತಿದ್ದಾಗಲೇ ಮೊಬೈಲ್ ಹೊಡೆದುಕೊಂಡಿತು. ಪೆನ್ನು, ಪುಸ್ತಕ ಒಳಗೆ. ಒಳಗೆ ಹೋಗುವ ಹಾಗಿಲ್ಲ. ಪಕ್ಕದ ಮನೆಯ ಹುಡುಗಿಯಿಂದ ಶಾಲೆಯ ನೋಟ್‌ಬುಕ್ ಇಸಿದುಕೊಂಡು ಬರೆದರು.

ಫೋನ್ ಮಾಡಿದ್ದು ಪೃಥ್ವಿರಾಜ್, ಕೋಪರಖೈರಣೆಯ ಹೋಟೆಲ್ ಮಾಲೀಕರ ಮಗ. ಕ್ಲಬ್ಬಿನ ಎರಡು ಸೀಟಿನ ವಿಮಾನದ ಎಂಜಿನ್ ನಿಂತು, ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಪಕ್ಕದ ಕೆಸರಿನಲ್ಲಿ ಇಳಿಸಿದ್ದ. ಮೈಗೆ ಏಟಾಗಿರಲಿಲ್ಲ. ಎಷ್ಟು ಜನ ಇದ್ದಿರಿ ಎಂದು ವಾರಿಜಕ್ಕ ಕೇಳಿದರು.

"ಇಬ್ರು ಇದ್ದದ್ದು ಅಕ್ಕಾ," ಎಂದ. "ಒಬ್ರು ಇಳಿದು ಹೋದ್ರು."

"ಎಲ್ಲಿಗೆ?"

"ನೀರಿನ ಕಡೆಗೆ."

ನಾಲ್ಕು ಗಂಟೆ ಹನ್ನೆರಡು ನಿಮಿಷ ಎಂದು ಬರೆದು ಕೆಳಗೆ ಗೆರೆ ಎಳೆದರು.

ಹಾರುವ ಮುನ್ನ ರೇಡಿಯೋದಲ್ಲೂ ಅವನು ಇಬ್ಬರಿದ್ದೇವೆ ಎಂದೇ ಹೇಳಿದ್ದ. ಹಾಗಾಗಿ ಪೊಲೀಸರು ಮೂರು ದಿನ ಖಾಡಿಯಲ್ಲಿ ಶವ ಹುಡುಕಿದರು. ಸಿಗಲಿಲ್ಲ. ಏಡಿ ಹಿಡಿಯುತ್ತಿದ್ದ ಮುದುಕಿಯೊಬ್ಬಳು ವಿಮಾನದಿಂದ ಇಬ್ಬರು ಇಳಿದದ್ದನ್ನು ಕಂಡೆ ಎಂದಳು. ಒಬ್ಬ ಮೊಣಕಾಲುದ್ದ ಕೆಸರಿನಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದನಂತೆ. ಬಿಳಿ ಪಂಚೆಯ ಇನ್ನೊಬ್ಬ ಹೂತುಕೊಳ್ಳದೆ ನಡೆದು ಹೋದನಂತೆ. ಜೊತೆಗಿದ್ದವನನ್ನು ಸಾಯಲು ಬಿಟ್ಟು ಮುಚ್ಚಿಡುತ್ತಿದ್ದಾನೆ ಎಂದು ಪೃಥ್ವಿರಾಜ್ ಮೇಲೆ ಕೇಸು ಹಾಕುವ ಮಾತು ಶುರುವಾಯಿತು. ಲೈಸೆನ್ಸ್ ಹೋಗಲಿ, ಹುಡುಗ ಜೈಲು ಸೇರುವ ಹಾಗಿದ್ದ.

ಆಫೀಸಿಗೆ ಕರೆಸಿ ಕೇಳಿದೆವು. ತಲೆ ತಗ್ಗಿಸಿಕೊಂಡು ಹೇಳಿದ. ಲೈಸೆನ್ಸ್ ಬಂದ ದಿನ ಮೊದಲು ಅಪ್ಪನನ್ನೇ ಕೂರಿಸಿಕೊಂಡು ಹಾರುತ್ತೇನೆ ಎಂದು ಮಾತು ಕೊಟ್ಟಿದ್ದ. ಅದು ಬರುವುದಕ್ಕೆ ವಾರ ಮೊದಲು ಅಪ್ಪ ತಾರಾನಾಥ ತೀರಿಕೊಂಡರು. ಪರ್ಬದ ದಿನ ಎಲೆಯ ಮುಂದೆ ನಿಂತು, 'ಉಂಡಾದ ಮೇಲೆ ಬನ್ನಿ, ಹೋಗುವ' ಎಂದು ಕರೆದ. ಕರೆದ ಮೇಲೆ ಲೆಕ್ಕಕ್ಕೆ ಸೇರಿಸದೆ ಇರುವುದು ಹೇಗೆ ಎಂದು ನಮ್ಮನ್ನೇ ಕೇಳಿದ. ನನಗೆ ಕೋಪ ನೆತ್ತಿಗೇರಿತು.

"ಲೇ ತಮ್ಮಾ, ಖಾಲಿ ಸೀಟಿಗೆ ಮಂದಿ ಅಂತ ಹೇಳಿ ಪೊಲೀಸರಿಗೆ ಖಾಡಿ ತೋಡಿಸಿದೀಯಲ್ಲೋ!" ಎಂದೆ.

"ಖಾಲಿ ಸೀಟಿನ ಬೆಲ್ಟ್ ಬಿಗಿದಿಡಬೇಕು ಸರ್, ರೂಲ್ ಉಂಟು. ನಾನೇ ಬಿಗಿದದ್ದು," ಎಂದ ಅವನು ಮೆಲ್ಲಗೆ. "ಇಳಿಯುವಾಗ ನೋಡಿದ್ರೆ ಬಿಚ್ಚಿತ್ತು."

ಫೈಲಿನಲ್ಲಿದ್ದ ವಿಮಾನದ ಫೋಟೋ ತೆಗೆದು ನೋಡಿದೆ. ಬಿಚ್ಚಿತ್ತು. ಬಿದ್ದ ರಭಸಕ್ಕೆ ಬಿಚ್ಚಿಕೊಂಡಿದೆ ಎಂದು ನಾನೇ ಟಿಪ್ಪಣಿ ಬರೆದೆ. ವಾರಿಜಕ್ಕ ಅದನ್ನು ಟೈಪ್ ಮಾಡಿಕೊಡಲಿಲ್ಲ. ನಾನೇ ಮಾಡಿಕೊಂಡೆ.

ವಿಚಾರಣೆಯ ದಿನ, ಇಬ್ಬರು ಎಂದದ್ದು ಬಾಯಿತಪ್ಪಿ ಬಂದ ಮಾತು ಎನ್ನುವುದು ಮೇಡಂ ಯೋಜನೆ. ಆದರೆ ವಿಮಾನಯಾನ ಇಲಾಖೆಯ ತನಿಖಾಧಿಕಾರಿ ಮೇಜಿನ ಮೇಲೆ ಇನ್ನೊಂದು ಕಾಗದ ಇಟ್ಟರು. ಯಾವ ಸೀಟಿನಲ್ಲಿ ಯಾರು, ಎಷ್ಟು ತೂಕ ಎಂದು ಹಾರುವ ಮುನ್ನ ಪೈಲಟ್ ಬರೆದುಕೊಡುವ ಹಾಳೆ. ಎಡಗಡೆ ಪೃಥ್ವಿರಾಜ್, ಎಪ್ಪತ್ತೆಂಟು ಕಿಲೋ. ಬಲಗಡೆ ತಾರಾನಾಥ. ತೂಕದ ಮನೆಯಲ್ಲಿ ದುಂಡಗೆ ಸೊನ್ನೆ.

"ಈ ತಾರಾನಾಥ ಎಲ್ಲಿದ್ದಾರೆ?" ಎಂದರು ಅಧಿಕಾರಿ ಹಿಂದಿಯಲ್ಲಿ. ಮೇಡಂ ಫೈಲಿನ ಹಾಳೆ ಮಗುಚತೊಡಗಿದರು.

ಹಿಂದಿನ ಕುರ್ಚಿಯಲ್ಲಿ ಬರೆದುಕೊಳ್ಳುತ್ತಿದ್ದ ವಾರಿಜಕ್ಕ ಎದ್ದು ನಿಂತರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ವಿಚಾರಣೆಯಲ್ಲಿ ಬಾಯಿ ತೆರೆದವರಲ್ಲ. ತಾರಾನಾಥರ ಮರಣ ಪ್ರಮಾಣಪತ್ರ ಮುಂದಿಟ್ಟು, ಪರ್ಬ, ಎಲೆ, ಚೊಂಬು ಎಲ್ಲವನ್ನೂ ತಮಗೆ ಬಂದ ಹಿಂದಿಯಲ್ಲಿ ಹೇಳಿದರು. ಜೀವ ಇದ್ದವರ ತೂಕ ಸೊನ್ನೆ ಇರುತ್ತದೆಯೇ ಸಾಹೇಬರೆ ಎಂದು ಕೇಳಿದರು.

ಅಧಿಕಾರಿ ಕೆಟ್ಟವರಲ್ಲ. ಹಾಳೆಯನ್ನು ಇನ್ನೊಮ್ಮೆ ಓದಿದರು. "ಶವ ಇಲ್ಲ ಎನ್ನುವುದು ಸರಿ. ಆದರೆ ಸತ್ತವರನ್ನು ಕೂರಿಸಿಕೊಂಡು ಹಾರುವವನ ಬುದ್ಧಿ ನೆಟ್ಟಗಿದೆ ಎಂದು ಹೇಗೆ ನಂಬಲಿ?"

"ನನ್ನದು ನೆಟ್ಟಗಿದೆ ಅಂತ ಕಾಣ್ತದಾ ನಿಮಗೆ?" ಎಂದರು ವಾರಿಜಕ್ಕ. "ಫೆಬ್ರವರಿಯಲ್ಲಿ ಜನಗಣತಿಯವರು ಬಂದಿದ್ರು. ಮನೆಯಲ್ಲಿ ಎಷ್ಟು ಜನ ಕೇಳಿದ್ರು. ಇಬ್ರು ಅಂತ ಬರೆಸಿದೆ. ನನ್ನ ಗಂಡ ಹೋಗಿ ಎಂಟು ವರ್ಷ ಆಯ್ತು."

'ನನ್ನ ಗಂಡ ಹೋಗಿ' ಎಂಬ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅಧಿಕಾರಿ ಒಂದು ದಾರಿ ತೋರಿಸಿದರು. ಇದು ಸಂಪ್ರದಾಯ, ಹುಚ್ಚಲ್ಲ ಎನ್ನುವುದಾದರೆ, ಸತ್ತವರು ಸತ್ತಿದ್ದಾರೆ ಎಂಬುದು ತಮಗೆ ಗೊತ್ತಿದೆ ಎಂದು ಅದನ್ನು ಆಚರಿಸುವವರೇ ಲಿಖಿತವಾಗಿ ಕೊಡಬೇಕು. ಹುಡುಗನೂ ಕೊಡಲಿ, ಸಾಕ್ಷಿಯಾಗಿ ಈ ಹೆಂಗಸೂ ಕೊಡಲಿ.

ಆಫೀಸಿಗೆ ಬಂದು ವಾರಿಜಕ್ಕ ಟೈಪ್ ಮಾಡಲು ಕೂತರು. ಒಂದೇ ಪುಟ. ಕೊನೆಯ ಸಾಲಿಗೆ ಬೆರಳು ನಿಂತುಬಿಟ್ಟಿತು. ಹೊರಗೆ ಬೆಂಚಿನ ಮೇಲೆ ಪೃಥ್ವಿರಾಜ್ ಉಗುರು ಕಚ್ಚುತ್ತ ಕೂತಿದ್ದ. ಅವನ ಕಡೆಗೊಮ್ಮೆ ನೋಡಿ, ಟೈಪ್ ಮಾಡಿ, ಸಹಿ ಹಾಕಿದರು. ನಾನು ಓದಿದೆ: 'ನನ್ನ ಪತಿ ಕುಶಲ ಮರಣ ಹೊಂದಿದ್ದಾರೆಂದು ನಾನು ಬಲ್ಲೆ. ಮನೆಯಲ್ಲಿ ನಾನೊಬ್ಬಳೇ ಇದ್ದೇನೆ.'

ಪೊಲೀಸರು ವಿಷಯ ಅಲ್ಲಿಗೆ ಬಿಟ್ಟರು. ತಪ್ಪು ಮಾಹಿತಿ ಕೊಟ್ಟದ್ದಕ್ಕೆ ಪೃಥ್ವಿರಾಜ್ ಲೈಸೆನ್ಸ್ ಆರು ತಿಂಗಳು ಅಮಾನತಾಯಿತು, ಅಷ್ಟೆ. ಅದು ಮುಗಿದ ಮೇಲೆ ಮತ್ತೆ ಹಾರಿದ. ಈಗ ಒಬ್ಬನೇ ಎಂದು ಹೇಳುತ್ತೇನೆ, ಪಕ್ಕದ ಬೆಲ್ಟ್ ಬಿಗಿದ ಹಾಗೆಯೇ ಇರುತ್ತದೆ ಎಂದು ನನಗೆ ಫೋನಿನಲ್ಲಿ ಹೇಳಿದ. ಸಂತೋಷದ ದನಿಯಲ್ಲ ಅದು.

ಮರುವರ್ಷದ ಪರ್ಬಕ್ಕೆ ವಾರಿಜಕ್ಕ ನನ್ನನ್ನು ಡೊಂಬಿವಲಿಗೆ ಊಟಕ್ಕೆ ಕರೆದರು. ಎಲೆ ಹಾಕಿ, ಗಂಡನ ಹೆಸರು ಹಿಡಿದು ಕರೆದು, ಬಾಗಿಲೆಳೆದು ಹೊರಗೆ ಬಂದರು. ಇಬ್ಬರೂ ಗ್ಯಾಲರಿಯಲ್ಲಿ ನಿಂತೆವು. ಇಂಥದ್ದನ್ನೆಲ್ಲ ನಂಬದ ನಾನು, ಒಳಗಿನಿಂದ ಏನಾದರೂ ಸದ್ದು ಬರಲಿ ಎಂದು ಕಿವಿಗೊಟ್ಟು ನಿಂತಿದ್ದೆ. ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅರ್ಧ ಗಂಟೆಯಾದ ಮೇಲೆ ಅವರು ಒಳಗೆ ಹೋಗಿ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಇಟ್ಟ ಹಾಗೆಯೇ ಅಂಚಿನವರೆಗೆ ತುಂಬಿದ್ದ ನೀರು ನೆಲಕ್ಕೆ ತುಳುಕಿತು.

"ಬರಹದಲ್ಲಿ ಕೊಟ್ಟದ್ದಲ್ವಾ ಅಂಬಾರಾಯರೆ," ಎಂದರು. "ಇವರು ನಂಬಿಬಿಟ್ರು."