ಗಂಗುಲಮ್ಮ ಹಾಕಿದ ಕಾರ್ಡು

ಬೆಳಕು ಹರಿಯುವಷ್ಟರಲ್ಲಿ ಗಂಗುಲಮ್ಮ ರೇಷ್ಮೆಹುಳದ ತಟ್ಟೆಗಳ ಹಿಕ್ಕೆ ಬಳಿದು ತಿಪ್ಪೆಗೆ ಸುರಿದು, ಹೊಸ ಸೊಪ್ಪು ಹಾಕಿ, ಕೊಟ್ಟಿಗೆ ಗುಡಿಸಿ, ಹಸು ಕರೆದು, ಬಾವಿಯಿಂದ ಆರು ಬಿಂದಿಗೆ ನೀರು ಹೊತ್ತು, ಬಾಗಿಲಿಗೆ ಸಗಣಿನೀರು ಚೆಲ್ಲಿ ರಂಗೋಲಿ ಎಳೆದು, ಮುದ್ದೆಗೆ ಎಸರಿಟ್ಟಿರುತ್ತಿದ್ದಳು. ಆಮೇಲೆ ಗಂಡ ರಾಮಾಂಜಿನಪ್ಪ ಎದ್ದು ಬಂದು ತಟ್ಟೆಗಳನ್ನು ಇಣುಕಿ ನೋಡಿ, "ಹುಳ ಚೆನ್ನಾಗವೆ" ಎಂದು ಹೇಳಿ ಮುಖ ತೊಳೆಯಲು ಹೋಗುತ್ತಿದ್ದ. ಜಂಗಮಕೋಟೆಯಲ್ಲಿ ಎಲ್ಲರೂ ಅವನ್ನು ರಾಮಾಂಜಿನಪ್ಪನ ಹುಳ ಎಂದೇ ಕರೆಯುತ್ತಿದ್ದರು.

ಆ ಬೀದಿಯಲ್ಲಿ ಓದಲು ಬರುತ್ತಿದ್ದ ಹೆಂಗಸು ಅವಳೊಬ್ಬಳೇ. ಯೋಗನರಸಿಂಹ ಮೇಷ್ಟ್ರು ತಾವು ಓದಿ ಮುಗಿಸಿ ಕೊಡುತ್ತಿದ್ದ ವಾರಪತ್ರಿಕೆಯ ಧಾರಾವಾಹಿಯನ್ನು, ಸೊಪ್ಪು ಹೆಚ್ಚಲು ಸೇರುತ್ತಿದ್ದ ಹೆಂಗಸರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ೧೯೬೧ರಲ್ಲಿ ಬರುತ್ತಿದ್ದ ಕತೆಯ ನಾಯಕಿ ಸುಲೋಚನೆಯೂ ರೇಷ್ಮೆ ಸಾಕುವವಳೇ. ಬೆಳಗ್ಗೆ ಒಂದು ಹಿಡಿ ಸೊಪ್ಪು ಚೆಲ್ಲಿ ಸಂಜೆಯವರೆಗೂ ವೀಣೆ ನುಡಿಸುತ್ತಾಳೆ. ಹುಳಗಳು ತಮ್ಮ ಪಾಡಿಗೆ ತಾವು ಗೂಡು ಕಟ್ಟುತ್ತವೆ.

"ಇವಳ ಹುಳಕ್ಕೆ ಹೊಟ್ಟೇನೇ ಇಲ್ವಾ?" ಎಂದು ಪಕ್ಕದ ಮನೆಯ ಕದಿರಮ್ಮ ಬಿದ್ದು ಬಿದ್ದು ನಕ್ಕಳು. "ನಮ್ಮವಾಗಿದ್ರೆ ವೀಣೇನೂ ತಿಂದಾಕಿರೋವು!"

ಗಂಗುಲಮ್ಮ ನಗಲಿಲ್ಲ. ಸಂಪಾದಕರಿಗೆ ಕಾರ್ಡು ಬರೆದಳು: "ಹುಳಕ್ಕೆ ಹಗಲು ರಾತ್ರಿ ಸೇರಿ ಐದು ಸಲ ಸೊಪ್ಪು ಬೇಕು. ಸುಲೋಚನೆ ವೀಣೆ ನುಡಿಸುವಾಗ ಅದನ್ನು ಹಾಕುವವಳು ಯಾರು? ಅವಳನ್ನೂ ಬರೆಯಿರಿ. ಇಲ್ಲದಿದ್ದರೆ ಇಂಥ ಕತೆ ಅಚ್ಚು ಹಾಕಬೇಡಿ."

ಕಾರ್ಡು ಪತ್ರಿಕೆಯಲ್ಲಿ ಬಂತು. ಅದನ್ನು ನೋಡಿ ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಇನ್ನೂ ಹನ್ನೊಂದು ಕಾರ್ಡುಗಳು ಹೋದವು. ಲೇಖಕರು ಮುನಿಸಿಕೊಂಡು, ಸುಲೋಚನೆ ಮನೆ ಬಿಟ್ಟು ರೈಲು ನಿಲ್ದಾಣಕ್ಕೆ ಬಂದು ನಿಂತಲ್ಲಿಗೇ ಕತೆಯನ್ನು ನಿಲ್ಲಿಸಿಬಿಟ್ಟರು. ಅವಳು ಆಕ್ಷೇಪಣೆ ಹಿಂತೆಗೆದುಕೊಂಡರೆ ಲೇಖಕರು ಮತ್ತೆ ಬರೆದಾರು ಎಂದು ಸಂಪಾದಕರು ಗಂಗುಲಮ್ಮನಿಗೆ ಕಾಗದ ಹಾಕಿದರು.

"ಆ ಹುಡುಗಿ ರೈಲು ಹತ್ತಿದ್ಲೋ ಇಲ್ವೋ ಗೊತ್ತಾಗ್ದೆ ನಂಗೆ ಮುದ್ದೆ ಇಳೀತಿಲ್ಲ ಗಂಗುಲಕ್ಕ," ಎಂದು ಕದಿರಮ್ಮ ಸಿಡುಕಿದಳು. "ನೀನೂ ನಿನ್ನ ಕಾರ್ಡೂ!"

ಮೇಷ್ಟ್ರು ಜಗಲಿಗೇ ಬಂದು ಕೂತರು. "ಸರ್ಕಾರದೋರು ಸೆನ್ಸಾರ್ ಮಾಡ್ತಾರಲ್ಲ, ನೀನು ಮಾಡಿದ್ದೂ ಅದೇ ಕಣಮ್ಮ. ಬರೆಯೋರ ಕೈ ಕಟ್ಟಾಕ್ದೆ."

"ಸರ್ಕಾರಕ್ಕೆ ಪೊಲೀಸ್ನೋರವ್ರೆ ಮೇಷ್ಟ್ರೇ, ನಂಗಿರೋದು ಒಂದು ಕಾರ್ಡು. ನಮ್ಮನೆಯೋರು ದಿನಾ ಸಾರಿಗೆ ಉಪ್ಪು ಕಮ್ಮಿ ಅಂತಾರೆ. ನಾನೇನು ಮುನಿಸ್ಕೊಂಡು ಒಲೆ ಆರಿಸ್ತೀನಾ?"

"ನನ್ನ ಯಾಕೆ ಎಳೀತೀಯೇ?" ಎಂದ ಅಲ್ಲೇ ಕೂತಿದ್ದ ರಾಮಾಂಜಿನಪ್ಪ. "ಉಪ್ಪು ಕಮ್ಮಿ ಅಂದಿದೀನಿ. ಅಡುಗೇನೇ ಮಾಡಬೇಡ ಅಂದಿದೀನಾ?"

ಮೇಷ್ಟ್ರು ತೊಡೆ ತಟ್ಟಿ ನಕ್ಕರು. ಗಂಗುಲಮ್ಮನಿಗೂ ನಗು ತಡೆಯಲಾಗಲಿಲ್ಲ. ತಮ್ಮ ಕೈಯಾರೆ ಬರೆದು ತಂದಿದ್ದ ಕ್ಷಮಾಪಣೆಯನ್ನು ಮೇಷ್ಟ್ರು ಅವಳ ಮುಂದಿಟ್ಟರು. "ಸುಮ್ನೆ ಒಂದು ರುಜು ಹಾಕಿ ಕಳಿಸಮ್ಮ."

ಮಾರನೆಯ ದಿನ ಹುಳಗಳು ಮೂರನೇ ಜ್ವರಕ್ಕೆ ಕೂತವು. ಪೊರೆ ಬಿಡುವ ಆ ಹೊತ್ತಿನಲ್ಲಿ ಅವು ಸೊಪ್ಪು ಮುಟ್ಟುವುದಿಲ್ಲ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗಂಗುಲಮ್ಮ ಮೇಷ್ಟ್ರ ಕಾಗದವನ್ನು ಎರಡು ಸಲ ಓದಿದಳು. ರುಜು ಹಾಕಿದರೆ ಕತೆ ಬರುತ್ತದೆ, ಬೀದಿಯವರ ಮುನಿಸು ಇಳಿಯುತ್ತದೆ. ಸುಲೋಚನೆ ರೈಲು ಹತ್ತಿದಳೇ ಎಂದು ತಿಳಿಯುವ ಆಸೆ ಅವಳಿಗೂ ಕದಿರಮ್ಮನಷ್ಟೇ ಇತ್ತು. ಆದರೆ ಅವಳ ಪ್ರಶ್ನೆಗೆ ಯಾರೂ ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಕಾಗದವನ್ನು ಪಕ್ಕಕ್ಕೆ ಸರಿಸಿ ಹೊಸ ಕಾರ್ಡು ತೆಗೆದುಕೊಂಡಳು. "ಅಚ್ಚು ಹಾಕಬೇಡಿ ಎಂದದ್ದು ನನ್ನ ತಪ್ಪು. ಆ ಒಂದು ಮಾತು ವಾಪಸು. ಕತೆ ಹಾಕಿ, ಇಡೀ ಬೀದಿ ಕಾಯುತ್ತಿದೆ. ಸೊಪ್ಪು ಹಾಕುವವಳು ಯಾರು ಎಂದು ಕೇಳಿದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ, ಮುಂದೆಯೂ ಕೇಳುತ್ತೇನೆ."

ಇದನ್ನು ಓದಿ ಲೇಖಕರು ಇನ್ನಷ್ಟು ಮುನಿಸಿಕೊಂಡರೆ? ಅವಳು ಕಾರ್ಡನ್ನು ಮತ್ತೊಮ್ಮೆ ಓದಿದಳು. ಆಮೇಲೆ ಯಾರನ್ನೂ ಕೇಳದೆ ಟಪಾಲು ಪೆಟ್ಟಿಗೆಯವರೆಗೆ ನಡೆದು ಹೋಗಿ ಕಾರ್ಡನ್ನು ಒಳಗೆ ಹಾಕಿದಳು.