ಕೊಡಲಿ ಮಾದಯ್ಯನವರ ಬ್ಯಾಟಿಂಗ್ ಪಾಠ

ಹೆಡತಲೆ ಊರಿನ ಶಾಲೆಯಲ್ಲಿ ಹುಡುಗಿಯರಿಗೆ ಬೇಸ್‌ಬಾಲ್ ಕಲಿಸುತ್ತಿದ್ದೆ. ಮಾರನೆಯ ದಿನವೇ ತಾಲ್ಲೂಕು ಪಂದ್ಯ, ಆದರೆ ಒಬ್ಬಳ ಬ್ಯಾಟಿಗೂ ಚೆಂಡು ಸರಿಯಾಗಿ ಸಿಗುತ್ತಿರಲಿಲ್ಲ. ತೋರಿಸಿಕೊಡಲು ಹೋಗಿ ನಾನೂ ಗಾಳಿಗೇ ಹೊಡೆದೆ. ಮೈದಾನದ ಅಂಚಿನಲ್ಲಿ ಒಣಗಿದ ಜಾಲಿಮರ ಕಡಿಯುತ್ತಿದ್ದ ಮಾದಯ್ಯ ಕೊಡಲಿ ಇಳಿಸಿ ನಕ್ಕರು.

"ಸಾ, ಬರೀ ತೋಳಲ್ಲಿ ಬೀಸ್ತಾ ಇದ್ದೀರಿ. ಕಾಲೂರಿ, ಮೊದ್ಲು ಸೊಂಟ ತಿರುಗ್ಲಿ, ಕೈ ಆಮ್ಯಾಕೆ ತಾನೇ ಬತ್ತದೆ. ಗ್ಯಾನ ಬ್ಯಾಟ್ ಮ್ಯಾಲೆ ಬ್ಯಾಡ, ಚೆಂಡಿನ್ ಮ್ಯಾಲಿರ್ಲಿ."

ನಾಚಿಕೊಂಡೇ ಹಾಗೆ ಮಾಡಿದೆ. ಠಣ್ ಎಂದ ಚೆಂಡು ಬೇಲಿ ದಾಟಿ ಗದ್ದೆಗೆ ಬಿತ್ತು. ಹುಡುಗಿಯರು ಕುಣಿದಾಡಿ, ಒಬ್ಬೊಬ್ಬರಾಗಿ ಹಾಗೆಯೇ ಬೀಸತೊಡಗಿದರು.

ಪಂದ್ಯ ಗೆದ್ದೆವು. ಶಾಲೆಯಲ್ಲಿ ಫೋಟೋ ತೆಗೆಯುವಾಗ ಮಾದಯ್ಯನವರನ್ನೂ ಕರೆದೆ. "ಕೋಚ್ ಯಾರು, ಮಧ್ಯಕ್ಕೆ ಬನ್ನಿ" ಎಂದ ಫೋಟೋಗ್ರಾಫರ್. ಹುಡುಗಿಯರು ಮಾದಯ್ಯನವರನ್ನು ಎಳೆದು ನಿಲ್ಲಿಸಿದರು. ನಾನು ಚೆಂಡಿನ ಚೀಲ ಹಿಡಿದು ತುದಿಯಲ್ಲಿ ನಿಂತೆ. ಫೋಟೋದಲ್ಲಿ ನನ್ನ ಅರ್ಧ ಮುಖ ಬಂದಿದೆ, ಅದೂ ನಗುತ್ತಿದೆ.