ಹೊಂಡಕ್ಕೆ ಬಿಟ್ಟ ನೀರು

ಹೋದ ವಾರ ಕಬ್ಬಿಗೆ ಸಿಂಪಡಿಸಲೆಂದು ರಾಯಬಾಗದ ಅಂಗಡಿಯಿಂದ ಕಡಲಕಳೆಯ ರಸದ ಕ್ಯಾನು ತಂದೆ. ಮುಚ್ಚಳ ತಿರುವಿದ್ದೇ ತಡ, ಉಪ್ಪುಪ್ಪಾದ ಆ ಹಸಿ ವಾಸನೆ ಮೂಗಿಗೆ ಬಡಿಯಿತು. ಮಾಸ್ತರರು ಪಕ್ಕದಲ್ಲೇ ಬಂದು ನಿಂತ ಹಾಗಾಯಿತು. ಕ್ಯಾನು ಅಲ್ಲೇ ಇಟ್ಟು ಬದುವಿನ ಮೇಲೆ ಕುಳಿತುಬಿಟ್ಟೆ.

ಅವರು ನಮ್ಮ ಹೊಲದ ಮಗ್ಗುಲಿನವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ನಮ್ಮ ಕಡೆಯ ಎಷ್ಟೋ ಹೊಲಗಳು ಉಪ್ಪೇರಿ ಸವಳಾಗಿ ಬಿಳಿಚಿಕೊಂಡಿವೆ. ಅವರದೂ ಹಾಗೇ ಆಗಿತ್ತು. ಹುಲ್ಲೂ ಹುಟ್ಟದ ಆ ನೆಲದಲ್ಲಿ ಹೊಂಡ ತೋಡಿಸಿದರು. ಬೋರಿನ ಉಪ್ಪುನೀರು ತುಂಬಿಸಿ, ಕರಾವಳಿಯಿಂದ ಕಡಲಕಳೆಯ ತುಣುಕು ತಂದು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಊರೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಅದು ಚಿಗುರಿತು! ಅರ್ಧ ಮಾತ್ರ ಕೊಯ್ದು ಅರ್ಧ ಹಗ್ಗದಲ್ಲೇ ಬಿಡುತ್ತಿದ್ದರು.

"ಸಮುದ್ರದ್ದ ಬರೇ ಕಿತ್ಕೊಂಡ ಬಂದ್ರ ಅದೂ ಒಂದಿನ ಬರಿದಾಗತೈತೋ ತಮ್ಮಾ. ಇಲ್ಲೇ ಚಿಗೀಬೇಕು. ಇನ್ನೊಂದ ವರ್ಷ ನಿಂತ್ರ ಸವಳ ಹೊಲದವ್ರಿಗೆಲ್ಲಾ ಇದರ ಬೀಜ ಕೊಡ್ತೀನಿ," ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಬೆರಳದ್ದಿ ನೀರಿನ ರುಚಿ ನೋಡುತ್ತಿದ್ದರು.

ಒಂದು ಬೇಸಿಗೆ, ಕಣ್ಣಿನ ಆಪರೇಷನ್‌ಗೆಂದು ಮಿರಜಕ್ಕೆ ಹೋಗುವಾಗ ಹೊಂಡವನ್ನು ನನಗೊಪ್ಪಿಸಿದರು. "ಬೋರಿನ ನೀರಷ್ಟ ಬಿಡು. ಕಾಲಿವಿ ಸಿಹಿನೀರ ಹನಿನೂ ಬ್ಯಾಡ, ಕಳೆ ಕೊಳೀತೈತಿ."

ಐದನೇ ದಿನ ಬೋರು ಕೈಕೊಟ್ಟಿತು. ನೀರಿಳಿದು ಮೇಲಿನ ಹಗ್ಗ ಬಿಸಿಲಿಗೆ ಬಿತ್ತು. ಅಂದೇ ಕಾಲುವೆಯ ಪಾಳಿ ನನ್ನದು. ಬಾಡಿದ್ದು ಕಂಡರೆ ನೀರು ಬಿಡುವುದೊಂದೇ ಗೊತ್ತಿದ್ದ ಕೈ... ಸಲಿಕೆ ತೆಗೆದುಕೊಂಡು ಒಡ್ಡು ಒಡೆದು ಕಾಲುವೆ ನೀರು ಹೊಂಡಕ್ಕೆ ತಿರುಗಿಸಿಬಿಟ್ಟೆ. ಎರಡೇ ದಿನ, ಕಳೆಯೆಲ್ಲ ಕೊಳೆತು ಹಗ್ಗದ ತುಂಬ ಬಿಳಿಯ ಲೋಳೆ. ಮರುದಿನ ಸಣ್ಣಗೊಂದು ಅಡ್ಡಮಳೆಯೂ ಬಂದು ಹೋಯಿತು.

ಮಾಸ್ತರರು ಕರಿ ಕನ್ನಡಕ ಹಾಕಿಕೊಂಡು ಬಂದರು. ಬೆರಳದ್ದಿ ನಾಲಗೆಗಿಟ್ಟುಕೊಂಡರು.

"ಸಪ್ಪಗಾಗೇತಲ್ಲೋ. ಕಾಲಿವಿ ನೀರ ಬಿಟ್ಟಿಯೇನು?"

"ಇಲ್ರಿ ಸರ್... ಮಳಿ ಆಗಿತ್ರಿ."

ನಂಬಿದರು. "ಒಂದ ಮಳಿ ತಡೀಲಾರದ ಬೆಳಿ... ಯಾವ ಬಾಯಿಲೆ ರೈತರಿಗೆ ಹೇಳ್ಲೋ?" ಎಂದರು. ಆ ವಾರವೇ ಹಗ್ಗ ಸುತ್ತಿಟ್ಟು ಹೊಂಡ ಮುಚ್ಚಿಸಿದರು. ಮತ್ತೆಂದೂ ಅದರ ಮಾತೆತ್ತಲಿಲ್ಲ. ನಿಜ ನಾಳೆ ಹೇಳಿದರಾಯಿತು, ನಾಡಿದ್ದು ಹೇಳಿದರಾಯಿತು ಎಂದು ನಾನು ಮುಂದೂಡುವಷ್ಟರಲ್ಲಿ ಅವರೇ ತೀರಿಹೋದರು. ಈಗಲೂ ಕಾಲುವೆಗೆ ನೀರು ಬಂದ ದಿನ ಆ ಬೆರಳು ಕಣ್ಣೆದುರಿಗೆ ಬರುತ್ತದೆ. ಹೇಡಿ ನಾನು.

ಅವರ ಹೊಲ ಇಂದಿಗೂ ಬೆಳ್ಳಗೆ ಬಿದ್ದಿದೆ. ಸವಳು ನನ್ನ ಬದುವಿನವರೆಗೂ ಬಂದಿದೆ. ಅಂದು ಕ್ಯಾನು ಬಿಟ್ಟು ಎದ್ದವನು ಹೊಂಡವಿದ್ದ ಕಡೆಗೆ ಹೋದೆ. ಮಣ್ಣು ಮುಟ್ಟಿ ಬೆರಳನ್ನು ನಾಲಗೆಗಿಟ್ಟುಕೊಂಡೆ. ಕಡು ಉಪ್ಪು.

"ಮಳಿ ಅಲ್ರಿ ಸರ್, ನಾನ," ಎಂದೆ. ಜೋರಾಗಿಯೇ ಅಂದೆ. ಕೇಳಬೇಕಾದವರು ಇರಲಿಲ್ಲ.